ಪ್ಲಗ್ ಶಾರ್ಟ್: ಟೂ ಸ್ಟ್ರೋಕ್ ಡರ್ಟ್ ಬೈಕಿನ ದೋಷ ಹುಡುಕುವ ಬಗೆ

ಗುಡ್ಡ, ಕೆಸರು, ಮರಳು, ಕಲ್ಲುದಾರಿಗಳಲ್ಲಿ ಓಡಿಸುವುದಕ್ಕೆಂದೇ ತಯಾರಾಗುವ ಹಗುರವಾದ ಮೋಟಾರ್ ಸೈಕಲ್ಲುಗಳಿಗೆ ಡರ್ಟ್ ಬೈಕ್ ಎಂಬ ಹೆಸರಿದ್ದು, ಇವುಗಳಲ್ಲಿ ಯಮಹಾ ಸಂಸ್ಥೆಯ ವೈಝಡ್ 125 ಮತ್ತು ವೈಝಡ್ 250, ಆಸ್ಟ್ರಿಯಾದ ಕೆಟಿಎಂ ಸಂಸ್ಥೆಯ 300 ಸಿಸಿ ಗಾಡಿಗಳಂಥವು ಇಂದಿಗೂ ಟೂ ಸ್ಟ್ರೋಕ್ ಎಂಜಿನ್ನನ್ನು ಬಿಟ್ಟುಕೊಟ್ಟಿಲ್ಲ. ತೂಕ ಕಡಿಮೆ, ಚಲಿಸುವ ಬಿಡಿಭಾಗಗಳು ಕಡಿಮೆ, ಆಕ್ಸಿಲರೇಟರ್ ತಿರುವಿದ ಕ್ಷಣವೇ ಶಕ್ತಿ ಸಿಗುತ್ತದೆ ಎಂಬ ಕಾರಣಗಳಿಗಾಗಿ ಸವಾರರು ಇವನ್ನು ಬಿಡಲೊಲ್ಲರು. ಆದರೆ ಇಷ್ಟೆಲ್ಲ ಗುಣಗಳ ಜೊತೆಗೆ ಈ ಎಂಜಿನ್ನಿಗೆ ಅಂಟಿಕೊಂಡೇ ಬಂದಿರುವ ಒಂದು ತೊಂದರೆಯೂ ಇದೆ. ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಮಿಸ್ಸಿಂಗ್ ಹೊಡೆಯುತ್ತದೆ, ಪಿಕಪ್ ಬಿದ್ದುಹೋಗುತ್ತದೆ, ಒಮ್ಮೆ ನಿಂತರೆ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಮೆಕ್ಯಾನಿಕ್ಕುಗಳು ಪ್ಲಗ್ ಬಿಚ್ಚಿ ನೋಡಿ ‘ಶಾರ್ಟ್ ಆಗಿದೆ’ ಎಂದು ಹೇಳಿ ಹೊಸದನ್ನು ಹಾಕುತ್ತಾರೆ, ಗಾಡಿ ಸ್ಟಾರ್ಟ್ ಆಗುತ್ತದೆ. ಹಳೆಯ ಪ್ಲಗ್ಗನ್ನು ಕೆಡಿಸಿದ ಕಾರಣ ಮಾತ್ರ ಎಂಜಿನ್ನಿನಲ್ಲಿ ಹಾಗೆಯೇ ಉಳಿದಿರುವುದರಿಂದ ಕೆಲವೇ ಗಂಟೆಗಳ ಓಟದಲ್ಲಿ ಹೊಸ ಪ್ಲಗ್ಗಿಗೂ ಅದೇ ಗತಿ ಬರುತ್ತದೆ. ಪ್ಲಗ್ ಬದಲಿಸುವುದನ್ನೇ ರಿಪೇರಿ ಎಂದುಕೊಳ್ಳುವ ಈ ರೂಢಿ ಹಣವನ್ನಷ್ಟೇ ಅಲ್ಲ, ಕೆಲವೊಮ್ಮೆ ಇಡೀ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳುವುದುಂಟು.

ಸ್ಪಾರ್ಕ್ ಪ್ಲಗ್ಗಿನ ರಚನೆ ಸರಳವಾದದ್ದು. ಸಿಲಿಂಡರ್ ಹೆಡ್ಡಿಗೆ ತಿರುಪಿನಿಂದ ಕೂರುವ ಉಕ್ಕಿನ ಕವಚ, ಅದರೊಳಗೆ ಅಲ್ಯೂಮಿನಿಯಂ ಆಕ್ಸೈಡಿನಿಂದ ಮಾಡಿದ ಬಿಳಿಯ ಪಿಂಗಾಣಿ ಕೊಳವೆ, ಪಿಂಗಾಣಿಯ ನಡುವೆ ಹಾದುಬರುವ ಲೋಹದ ಕಡ್ಡಿಯ ರೂಪದ ನಡುವಿದ್ಯುದ್ವಾರ, ಮತ್ತು ಅದರ ಎದುರಿಗೆ ಕವಚದಿಂದ ಬಾಗಿ ಬಂದಿರುವ ಭೂವಿದ್ಯುದ್ವಾರ. ಈ ಎರಡು ವಿದ್ಯುದ್ವಾರಗಳ ನಡುವೆ ಬಹುಮಟ್ಟಿಗೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಿನ ಅಂತರವಿದ್ದು, ಇಗ್ನಿಷನ್ ಕಾಯಿಲ್ ಹುಟ್ಟಿಸುವ ಸಾವಿರಾರು ವೋಲ್ಟುಗಳ ಒತ್ತಡ ಆ ಅಂತರವನ್ನು ಹಾರಿದಾಗ ಕಿಡಿ ಏಳುತ್ತದೆ. ಪಿಂಗಾಣಿಯ ಕೆಲಸ ವಿದ್ಯುತ್ತು ಅಡ್ಡದಾರಿ ಹಿಡಿಯದಂತೆ ತಡೆಯುವುದು. ಆದರೆ ಪಿಂಗಾಣಿಯ ಮೂತಿಯ ಮೇಲೆ ಮಸಿ ಕಟ್ಟಿದರೆ, ಮಸಿಯಲ್ಲಿರುವ ಇಂಗಾಲ ವಿದ್ಯುತ್ತನ್ನು ಹರಿಯಗೊಡುವ ವಸ್ತುವಾದ್ದರಿಂದ, ಒತ್ತಡವು ಅಂತರವನ್ನು ಹಾರುವ ಮಟ್ಟಕ್ಕೆ ಏರುವ ಮೊದಲೇ ಮಸಿಯ ಮೇಲಿನಿಂದ ಸೋರಿ ಕವಚ ಸೇರಿಬಿಡುತ್ತದೆ. ಕಿಡಿ ದುರ್ಬಲವಾಗುತ್ತದೆ, ಇಲ್ಲವೇ ಏಳುವುದೇ ಇಲ್ಲ. ಕಿಡಿ ಏಳದಿದ್ದಾಗ ಉರಿಯದೆ ಉಳಿದ ಪೆಟ್ರೋಲು ಮತ್ತು ಆಯಿಲ್ ಪ್ಲಗ್ಗನ್ನು ಇನ್ನಷ್ಟು ತೋಯಿಸುವುದರಿಂದ ದೋಷ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಆರಂಭದಲ್ಲಿ ಅಷ್ಟಿಷ್ಟು ಮಿಸ್ಸಿಂಗ್ ತೋರಿದ ಗಾಡಿ ಸ್ವಲ್ಪ ದೂರದಲ್ಲೇ ಪೂರ್ತಿ ನಿಂತುಬಿಡುವುದು ಇದರಿಂದಲೇ.

ಫೋರ್ ಸ್ಟ್ರೋಕ್ ಎಂಜಿನ್ನುಗಳಲ್ಲಿ ಅಪರೂಪವಾದ ಈ ತೊಂದರೆ ಟೂ ಸ್ಟ್ರೋಕಿನಲ್ಲಿ ಪದೇಪದೇ ಕಾಣಿಸಿಕೊಳ್ಳುವುದಕ್ಕೆ ಎಂಜಿನ್ನಿನ ರಚನೆಯಲ್ಲೇ ಕಾರಣವಿದೆ. ಇಂಗ್ಲೆಂಡಿನ ಜೋಸೆಫ್ ಡೇ 1891ರಲ್ಲಿ ರೂಪಿಸಿದ ವಿನ್ಯಾಸದಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಸಿಲಿಂಡರಿನ ಗೋಡೆಯಲ್ಲಿರುವ ದ್ವಾರಗಳ ಮೂಲಕ ಮೇಲಕ್ಕೇರುತ್ತದೆ. ಕ್ರ್ಯಾಂಕ್‌ಕೇಸ್ ಹೀಗೆ ಇಂಧನದ ದಾರಿಯೇ ಆಗಿರುವುದರಿಂದ ಅಲ್ಲಿ ಆಯಿಲ್ ತುಂಬಿಡಲು ಸಾಧ್ಯವಿಲ್ಲ. ಬೇರಿಂಗು ಮತ್ತು ಪಿಸ್ಟನ್ನುಗಳಿಗೆ ಬೇಕಾದ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕು, ಆ ಆಯಿಲ್ ಕೊನೆಗೆ ದಹನಕೋಣೆಯಲ್ಲಿ ಉರಿಯಬೇಕು. ಇದರ ಜೊತೆಗೆ ಕ್ರ್ಯಾಂಕ್ ಸುತ್ತುವ ಪ್ರತಿಯೊಂದು ಸುತ್ತಿಗೂ ಒಂದು ಕಿಡಿ ಬೇಕಾಗುವುದರಿಂದ, ನಿಮಿಷಕ್ಕೆ 9000 ಸುತ್ತಿನಲ್ಲಿ ಓಡುವ ಎಂಜಿನ್ನಿನ ಪ್ಲಗ್ ಸೆಕೆಂಡಿಗೆ 150 ಬಾರಿ ಕಿಡಿ ಹಾರಿಸಬೇಕಾಗುತ್ತದೆ. ಇನ್ನು ಕಡಿಮೆ ವೇಗದಲ್ಲಿ ಉರಿದ ಅನಿಲ ಪೂರ್ತಿಯಾಗಿ ಹೊರಹೋಗದೆ ಹೊಸ ಮಿಶ್ರಣದೊಂದಿಗೆ ಬೆರೆತುಕೊಳ್ಳುವುದರಿಂದ ದಹನ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. ಐಡ್ಲಿಂಗಿನಲ್ಲಿ ಟೂ ಸ್ಟ್ರೋಕ್ ಗಾಡಿ ಒಂದೇ ಲಯದಲ್ಲಿ ಸದ್ದು ಮಾಡದೆ ತಡವರಿಸುವುದು ಇದೇ ಕಾರಣಕ್ಕೆ.

ಕನ್ನಡ ನಾಡಿನ ಓದುಗರಿಗೆ ಈ ಸದ್ದು ಅಪರಿಚಿತವೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರತಂದ ಜಾವಾ ಮತ್ತು ಯೆಜ್ಡಿ ಗಾಡಿಗಳು ಟೂ ಸ್ಟ್ರೋಕಿನವೇ ಆಗಿದ್ದವು. 1985ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಯಮಹಾ ಆರ್‌ಎಕ್ಸ್ 100 ಕೂಡ ಅದೇ ಬಗೆಯದು. ಟೂಲ್ ಬಾಕ್ಸಿನಲ್ಲಿ ಒಂದು ಪ್ಲಗ್ ಸ್ಪ್ಯಾನರು, ಒಂದು ಹೆಚ್ಚುವರಿ ಪ್ಲಗ್ ಇಟ್ಟುಕೊಳ್ಳದೆ ದೂರದ ಊರಿಗೆ ಹೊರಡುವವರು ಆ ಕಾಲದಲ್ಲಿ ವಿರಳವಾಗಿದ್ದರು. ರಸ್ತೆಯ ಗಾಡಿಗಳಲ್ಲಿ ಈ ಎಂಜಿನ್ ಮರೆಯಾದ ಮೇಲೆ ಪ್ಲಗ್ ನೋಡಿ ಎಂಜಿನ್ನಿನ ಸ್ಥಿತಿ ಹೇಳುವ ಜಾಣ್ಮೆಯೂ ವರ್ಕ್‌ಶಾಪುಗಳಿಂದ ಮೆಲ್ಲನೆ ಮರೆಯಾಗುತ್ತಿದೆ ಎಂಬುದು ಖೇದದ ಸಂಗತಿ, ಏಕೆಂದರೆ ಆ ಜಾಣ್ಮೆಗೆ ಬದಲಿಯಾಗಿ ನಿಲ್ಲಬಲ್ಲ ಯಂತ್ರವಿನ್ನೂ ಸಾಮಾನ್ಯ ಸವಾರನ ಕೈಗೆ ಬಂದಿಲ್ಲ.

ಪ್ಲಗ್ಗಿಗೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುವ ಶಕ್ತಿಯಿದೆ. ಪಿಂಗಾಣಿಯ ಮೂತಿ ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ ಕಾದಿದ್ದರೆ ಇಂಗಾಲ ಉರಿದುಹೋಗುತ್ತದೆ. ಅದೇ ಮೂತಿ ಸುಮಾರು 850 ಡಿಗ್ರಿಯನ್ನು ಮೀರಿದರೆ ಕಿಡಿಗೆ ಕಾಯದೆ ಆ ಕೆಂಡದ ಬಿಸಿಯೇ ಮಿಶ್ರಣಕ್ಕೆ ಬೆಂಕಿ ಹಚ್ಚಿ, ಪಿಸ್ಟನ್ನಿನ ತಲೆಗೆ ತೂತು ಬೀಳುವಷ್ಟು ಅನಾಹುತ ಮಾಡಬಲ್ಲದು. ಈ ಎರಡು ಗಡಿಗಳ ನಡುವೆ ಮೂತಿಯನ್ನು ಇರಿಸುವುದಕ್ಕಾಗಿ ತಯಾರಕರು ಬೇರೆ ಬೇರೆ ಶಾಖವ್ಯಾಪ್ತಿಯ ಪ್ಲಗ್ಗುಗಳನ್ನು ಮಾಡುತ್ತಾರೆ. ಉದ್ದ ಮೂತಿಯ ಪ್ಲಗ್ ತನ್ನ ಶಾಖವನ್ನು ಹೆಡ್ಡಿಗೆ ನಿಧಾನವಾಗಿ ಬಿಟ್ಟುಕೊಡುವುದರಿಂದ ಅದು ಬಿಸಿ ಪ್ಲಗ್. ಗಿಡ್ಡ ಮೂತಿಯದು ಬೇಗ ಬಿಟ್ಟುಕೊಡುವುದರಿಂದ ತಣ್ಣನೆಯ ಪ್ಲಗ್. ಜಪಾನಿನ ಎನ್‌ಜಿಕೆ ಕಂಪನಿಯ ಗುರುತಿನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಚಾಂಪಿಯನ್ ಮತ್ತು ಇಂದಿನ ಬಾಶ್ ಪ್ಲಗ್ಗುಗಳಲ್ಲಿ ಇದಕ್ಕೆ ತದ್ವಿರುದ್ಧ. ಅಂಗಡಿಯಲ್ಲಿ ಅಂಕಿಯನ್ನಷ್ಟೇ ನೋಡಿ ಕೊಳ್ಳುವವರು ಇಲ್ಲಿ ಎಡವುತ್ತಾರೆ. ಎನ್‌ಜಿಕೆಯ ಲೆಕ್ಕದಲ್ಲಿ ಒಂದು ಅಂಕಿಯ ವ್ಯತ್ಯಾಸವು ಮೂತಿಯ ಉಷ್ಣತೆಯಲ್ಲಿ 70ರಿಂದ 100 ಡಿಗ್ರಿಯ ವ್ಯತ್ಯಾಸವನ್ನು ತರುತ್ತದೆ.

ಡರ್ಟ್ ಬೈಕಿನ ಸಂಕಟವಿರುವುದು ಇಲ್ಲಿಯೇ. ಮೋಟೋಕ್ರಾಸ್ ಗಾಡಿಗೆ ಕಾರ್ಖಾನೆ ಕೊಡುವ ಪ್ಲಗ್ ಪೂರ್ತಿ ಥ್ರಾಟಲಿನಲ್ಲಿ ಓಡುವ ಪಂದ್ಯದ ಕಾವಿಗೆ ಹೊಂದುವಂಥ ತಣ್ಣನೆಯ ಪ್ಲಗ್. ಅದೇ ಗಾಡಿಯನ್ನು ಕಾಡಿನ ಕಾಲುದಾರಿಯಲ್ಲಿ ಒಂದನೆಯ ಗೇರಿನಲ್ಲಿ, ಕ್ಲಚ್ ಹಿಡಿದು, ಕಲ್ಲುಬಂಡೆಗಳ ಮೇಲೆ ತೆವಳಿಸಿದರೆ ಪ್ಲಗ್ಗಿನ ಮೂತಿ ಸ್ವಯಂಶುದ್ಧಿಯ ಉಷ್ಣತೆಯನ್ನು ಮುಟ್ಟುವುದೇ ಇಲ್ಲ. ಸ್ಟಾರ್ಟ್ ಮಾಡಿ ಬಹಳ ಹೊತ್ತು ಐಡ್ಲಿಂಗಿನಲ್ಲಿ ಬಿಡುವುದು, ಥ್ರಾಟಲ್ ಮುಚ್ಚಿಕೊಂಡು ಉದ್ದನೆಯ ಇಳಿಜಾರು ಇಳಿಯುವುದು ಕೂಡ ಇದೇ ಫಲವನ್ನು ಕೊಡುತ್ತದೆ. ಇಳಿಜಾರಿನಲ್ಲಿ ಕ್ರ್ಯಾಂಕ್‌ಕೇಸಿನಲ್ಲಿ ತಂಗಿದ ಆಯಿಲ್, ಕೆಳಗೆ ತಲುಪಿ ಥ್ರಾಟಲ್ ತೆರೆದೊಡನೆ ಒಮ್ಮೆಲೇ ಮೇಲೇರಿ ಪ್ಲಗ್ಗನ್ನು ಮುಳುಗಿಸುತ್ತದೆ. ಆಗಾಗ ಒಮ್ಮೆ ಥ್ರಾಟಲ್ ತೆರೆದು ಎಂಜಿನ್ನನ್ನು ‘ಸ್ವಚ್ಛ’ ಮಾಡಿಕೊಳ್ಳುವ ಹಳೆಯ ಸವಾರರ ಅಭ್ಯಾಸ ವೈಜ್ಞಾನಿಕವಾಗಿಯೂ ಸರಿಯಾದದ್ದೇ.

ದೋಷವನ್ನು ಹುಡುಕುವ ಕೆಲಸ ಕೆಟ್ಟ ಪ್ಲಗ್ಗನ್ನು ಬಿಚ್ಚುವುದರಿಂದಲೇ ಆರಂಭವಾಗಬೇಕು. ಎಂಜಿನ್ ಸ್ವಲ್ಪ ಆರಿದ ಮೇಲೆ, ಪ್ಲಗ್ಗಿನ ಸುತ್ತಲಿನ ಗುಂಡಿಯಲ್ಲಿ ತುಂಬಿರುವ ಮಣ್ಣನ್ನು ಬ್ರಷ್ಷಿನಿಂದಲೋ ಗಾಳಿಯಿಂದಲೋ ತೆಗೆದು ಆನಂತರವೇ ಸ್ಪ್ಯಾನರ್ ಹಾಕಬೇಕು. ಒಂದು ಚಿಟಿಕೆ ಮರಳು ಸಿಲಿಂಡರಿನೊಳಗೆ ಬಿದ್ದರೂ ಬೋರಿನ ಗೋಡೆಯ ಮೇಲೆ ಗೀರು ಮೂಡುತ್ತದೆ. ಬಿಚ್ಚಿದ ಪ್ಲಗ್ಗನ್ನು ಒರೆಸದೆ ಹಗಲು ಬೆಳಕಿನಲ್ಲಿ ತಿರುಗಿಸಿ ನೋಡಬೇಕು, ಬೆರಳಿನಿಂದ ಮುಟ್ಟಬೇಕು, ಮೂಸಬೇಕು. ಬೆರಳಿಗೆ ಒಣ ಕಾಡಿಗೆಯಂತೆ ಅಂಟುವ ಮಸಿ, ಜಿಡ್ಡಾಗಿ ಹೊಳೆಯುವ ಕಪ್ಪು ಲೇಪ, ಮಸಿಯೇ ಇಲ್ಲದೆ ಪೆಟ್ರೋಲಿನಲ್ಲಿ ತೊಯ್ದ ಮೂತಿ, ಈ ಮೂರೂ ಮೂರು ಬೇರೆ ಬೇರೆ ಕಾರಣಗಳನ್ನು ಹೇಳುತ್ತವೆ. ಹಿಂದಿನ ಕೈಪಿಡಿಗಳು ಆರೋಗ್ಯವಂತ ಪ್ಲಗ್ಗಿನ ಬಣ್ಣ ತಿಳಿಕಂದು ಎನ್ನುತ್ತಿದ್ದವಾದರೂ ಆ ಮಾತು ಬಹುಪಾಲು ಸೀಸ ಬೆರೆತ ಪೆಟ್ರೋಲಿನ ಕಾಲದ್ದು. ಭಾರತದಲ್ಲಿ ಸೀಸದ ಪೆಟ್ರೋಲು 2000ದಲ್ಲಿ ನಿಂತುಹೋಗಿದ್ದು, ಈಗಿನ ಪ್ಲಗ್ಗಿನ ಮೇಲೆ ಕಾಣುವ ಕಂದು ಬಣ್ಣ ಮುಖ್ಯವಾಗಿ ಆಯಿಲಿನ ಕಲೆ. ಆದ್ದರಿಂದ ಬಣ್ಣವನ್ನೊಂದೇ ನಂಬಿ ತೀರ್ಪು ಕೊಡುವುದು ಸಲ್ಲದು.

ಒಣ ಮಸಿ ಮಿಶ್ರಣದಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲು ಹೆಚ್ಚಾಗಿದೆ, ಅಂದರೆ ಮಿಶ್ರಣ ದಟ್ಟವಾಗಿದೆ ಎಂಬುದನ್ನು ತೋರಿಸುತ್ತದೆ. ಇಲ್ಲಿ ಮೊದಲು ನೋಡಬೇಕಾದದ್ದು ಏರ್ ಫಿಲ್ಟರ್. ಡರ್ಟ್ ಬೈಕುಗಳಲ್ಲಿ ಎಣ್ಣೆ ಸವರಿದ ಸ್ಪಂಜಿನ ಫಿಲ್ಟರ್ ಇರುತ್ತದೆ. ಧೂಳು ಹೀರಿ ಗಟ್ಟಿಯಾದ ಫಿಲ್ಟರಾಗಲಿ, ಅಗತ್ಯಕ್ಕಿಂತ ಹೆಚ್ಚು ಎಣ್ಣೆ ಹಿಂಡಿದ ಫಿಲ್ಟರಾಗಲಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಚೋಕ್ ಪೂರ್ತಿ ಆಫ್ ಆಗಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು. ಇವೆರಡೂ ಸರಿಯಿದ್ದರೆ ದೃಷ್ಟಿ ಕಾರ್ಬ್ಯುರೇಟರಿನ ಕಡೆಗೆ ಹೊರಳಬೇಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರಗಳ ಹಿತ್ತಾಳೆ ತುಂಡುಗಳಿಗೆ ಜೆಟ್ ಎನ್ನುತ್ತಾರೆ. ಐಡ್ಲಿಂಗಿನಿಂದ ಕಾಲು ಥ್ರಾಟಲಿನವರೆಗೆ ಪೈಲಟ್ ಜೆಟ್ಟಿನ ಆಳ್ವಿಕೆ, ನಡುವಿನ ಹಂತದಲ್ಲಿ ಮೇಲೆ ಕೆಳಗೆ ಆಡುವ ಸೂಜಿಯ ಆಳ್ವಿಕೆ, ಮುಕ್ಕಾಲಿನಿಂದ ಮುಂದಕ್ಕೆ ಮೇನ್ ಜೆಟ್ಟಿನದು. ಕಾಡುದಾರಿಯ ಸವಾರ ತನ್ನ ಹೆಚ್ಚಿನ ಸಮಯವನ್ನು ಕಾಲು ಥ್ರಾಟಲಿನೊಳಗೇ ಕಳೆಯುವುದರಿಂದ ಅವನ ಪ್ಲಗ್ಗನ್ನು ಕೆಡಿಸುವುದು ಬಹುಮಟ್ಟಿಗೆ ಪೈಲಟ್ ಜೆಟ್ ಅಥವಾ ಸೂಜಿ. ಆದರೂ ಜನ ಕೈ ಹಾಕುವುದು ಮೇನ್ ಜೆಟ್ಟಿಗೆ. ಯಾವ ಥ್ರಾಟಲ್ ಸ್ಥಾನದಲ್ಲಿ ಗಾಡಿ ಮಂಕಾಗುತ್ತದೆ ಎಂಬುದನ್ನು ಹಿಡಿಯ ಮೇಲೆ ಗುರುತು ಹಾಕಿಕೊಂಡು ಗಮನಿಸಿದರೆ ಯಾವ ಭಾಗ ಬದಲಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಜೆಟ್ಟಿನ ಅಳತೆ ಒಂದು ಊರಿಗೆ ಸರಿಯಿದ್ದು ಇನ್ನೊಂದು ಊರಿಗೆ ತಪ್ಪಾಗುವುದಕ್ಕೆ ಗಾಳಿಯ ಸಾಂದ್ರತೆ ಕಾರಣ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ಗಾಳಿ ಸುಮಾರು ಶೇಕಡಾ 3ರಷ್ಟು ತೆಳುವಾಗುತ್ತ ಹೋಗುತ್ತದೆ. ಮಂಗಳೂರಿನ ಕಡಲತೀರದಲ್ಲಿ ಅಚ್ಚುಕಟ್ಟಾಗಿ ಹೊಂದಿಸಿದ ಗಾಡಿಯನ್ನು ಸುಮಾರು 1900 ಮೀಟರಿಗೂ ಮೇಲೇರುವ ಮುಳ್ಳಯ್ಯನಗಿರಿಯ ಸಾಲಿಗೆ ಕೊಂಡೊಯ್ದರೆ ಅದು ಸೇದಿಕೊಳ್ಳುವ ಗಾಳಿಯಲ್ಲಿ ಸರಿಸುಮಾರು ಆರನೆಯ ಒಂದು ಪಾಲು ಕಡಿಮೆಯಾಗಿರುತ್ತದೆ, ಆದರೆ ಕಾರ್ಬ್ಯುರೇಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ತಗ್ಗಿಸದು. ಬೆಟ್ಟದ ಮೇಲೆ ಪ್ಲಗ್ ಕಪ್ಪಾದರೆ ಎಂಜಿನ್ನನ್ನು ದೂರುವಂತಿಲ್ಲ. ಬಿಸಿಲೂ ತೇವವೂ ಹೆಚ್ಚಿದ ದಿನ ಮಿಶ್ರಣ ದಟ್ಟವಾಗುತ್ತದೆ, ಚಳಿಗಾಲದ ಬೆಳಗ್ಗೆ ತೆಳುವಾಗುತ್ತದೆ. ಕೆಟಿಎಂ ತನ್ನ 2018ರ ಮಾದರಿಗಳಿಂದ ಟೂ ಸ್ಟ್ರೋಕ್ ಎಂಡ್ಯೂರೊ ಗಾಡಿಗಳಿಗೆ ತಂದ ಇಂಧನ ಇಂಜೆಕ್ಷನ್ ವ್ಯವಸ್ಥೆ ಗಾಳಿಯ ಒತ್ತಡ, ಉಷ್ಣತೆಗಳನ್ನು ಅಳೆದು ಪೆಟ್ರೋಲನ್ನು ತಾನೇ ಹೊಂದಿಸಿಕೊಳ್ಳುವುದರಿಂದ ಈ ತಲೆನೋವನ್ನು ಬಹಳಷ್ಟು ತಗ್ಗಿಸಿದೆ. ಕಾರ್ಬ್ಯುರೇಟರಿನ ಗಾಡಿಯವರಿಗೆ ಮಾತ್ರ ಜೆಟ್ ಬದಲಿಸುವುದೇ ದಾರಿ.

ಜಿಡ್ಡಾದ ಕಪ್ಪು ಲೇಪ ಕಂಡರೆ ಬೆರಳು ಮೊದಲು ತೋರುವುದು ಆಯಿಲಿನ ಪ್ರಮಾಣದ ಕಡೆಗೆ. 32ಕ್ಕೆ 1 ಎಂಬ ಪ್ರಮಾಣವೆಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 31 ಮಿಲಿಲೀಟರ್ ಆಯಿಲ್. 40ಕ್ಕೆ 1 ಎಂದರೆ 25, 50ಕ್ಕೆ 1 ಎಂದರೆ 20 ಮಿಲಿಲೀಟರ್. ಕೈಪಿಡಿ ಹೇಳಿದ ಪ್ರಮಾಣವನ್ನು ಅಳತೆಯ ಲೋಟದಲ್ಲಿ ಅಳೆದು ಹಾಕಬೇಕೇ ಹೊರತು ಕಣ್ಣಳತೆ ಇಲ್ಲಿ ನಡೆಯದು. ಇಲ್ಲಿಯೇ ಬಹಳ ಮಂದಿ ದಾರಿ ತಪ್ಪುವ ಒಂದು ವಿಚಾರವಿದೆ. ಆಯಿಲ್ ಹೆಚ್ಚು ಹಾಕಿದರೆ ಮಿಶ್ರಣ ದಟ್ಟವಾಗುತ್ತದೆಂದು ತಿಳಿಯುವುದು ತಪ್ಪು. ಜೆಟ್ಟಿನ ಮೂಲಕ ಹರಿಯುವ ದ್ರವದಲ್ಲಿ ಆಯಿಲ್ ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗುವುದರಿಂದ ಗಾಳಿ ಮತ್ತು ಪೆಟ್ರೋಲಿನ ಲೆಕ್ಕದಲ್ಲಿ ಮಿಶ್ರಣ ಒಂದಿಷ್ಟು ತೆಳುವೇ ಆಗುತ್ತದೆ. ಇದರ ಮರುಮುಖವೂ ನಿಜ. ಪ್ಲಗ್ ಕೆಡುತ್ತದೆಂದು ಹೆದರಿ ಆಯಿಲ್ ಕಡಿಮೆ ಮಾಡಿದವನು ಮಿಶ್ರಣವನ್ನು ಇನ್ನಷ್ಟು ದಟ್ಟ ಮಾಡಿಕೊಂಡಿದ್ದಲ್ಲದೆ ಬೇರಿಂಗುಗಳನ್ನೂ ಒಣಗಿಸಿ ಪಿಸ್ಟನ್ ಸೀಜ್ ಆಗುವುದನ್ನು ತಾನೇ ಕರೆದುಕೊಂಡಂತಾಗುತ್ತದೆ. ಸರಿಯಾದ ಜೆಟ್ ಇದ್ದು ಎಂಜಿನ್ ಚೆನ್ನಾಗಿ ಕಾಯುತ್ತಿದ್ದರೆ 32ಕ್ಕೆ 1ರ ಮಿಶ್ರಣದಲ್ಲೂ ಪ್ಲಗ್ ಸುಖವಾಗಿ ಬಾಳುತ್ತದೆ.

ಪೆಟ್ರೋಲಿನಲ್ಲಿ ತೊಯ್ದ ಪ್ಲಗ್ ಬೇರೆಯೇ ಕತೆ ಹೇಳುತ್ತದೆ. ಗಾಡಿ ಬಿದ್ದು ಮಗ್ಗುಲಾಗಿ ಮಲಗಿದಾಗ ಕಾರ್ಬ್ಯುರೇಟರಿನ ಪೆಟ್ರೋಲು ಎಂಜಿನ್ನಿಗೆ ನುಗ್ಗಿರಬಹುದು. ಫ್ಲೋಟ್ ಸೂಜಿಯ ತುದಿಯಲ್ಲಿ ಕಸ ಕೂತು ಓವರ್‌ಫ್ಲೋ ಆಗಿರಬಹುದು. ಇಲ್ಲವೇ ಪೆಟ್ರೋಲು ಸರಿಯಾಗಿಯೇ ಬಂದು ಕಿಡಿಯೇ ಬಂದಿಲ್ಲದಿರಬಹುದು. ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚನ್ನು ಒತ್ತಿಹಿಡಿದು ಹಲವು ಬಾರಿ ಕಿಕ್ ಹೊಡೆದು ಒಳಗಿನ ಪೆಟ್ರೋಲನ್ನು ಹೊರಹಾಕಬೇಕು. ಕಿಡಿಯನ್ನು ಪರೀಕ್ಷಿಸುವುದು ಅದಾದ ಮೇಲೆ, ಪ್ಲಗ್ಗಿನ ತೂತಿಗೆ ಬಟ್ಟೆ ತುರುಕಿ, ಚೆಲ್ಲಿದ ಪೆಟ್ರೋಲು ಆರಿದ ನಂತರ. ಪ್ಲಗ್ಗಿನ ಲೋಹದ ಕವಚವನ್ನು ತೂತಿನಿಂದ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಭದ್ರವಾಗಿ ತಾಗಿಸಿಯೇ ಕಿಕ್ ಹೊಡೆಯಬೇಕು. ಪ್ಲಗ್ ಎಲ್ಲಿಯೂ ತಾಗದೆ ತೂಗಾಡುತ್ತಿದ್ದರೆ ದಾರಿ ಕಾಣದ ಒತ್ತಡ ಕಾಯಿಲನ್ನೋ ಸಿಡಿಐ ಎಂಬ ಇಗ್ನಿಷನ್ ಪೆಟ್ಟಿಗೆಯನ್ನೋ ಕೆಡಿಸಬಹುದು. ಬಯಲಿನಲ್ಲಿ ಕಿಡಿ ಕಂಡಿತೆಂದು ಇಗ್ನಿಷನ್ ನಿರ್ದೋಷಿ ಎಂದುಕೊಳ್ಳುವಂತೆಯೂ ಇಲ್ಲ, ಏಕೆಂದರೆ ಒತ್ತಿ ಹಿಡಿದ ಮಿಶ್ರಣದ ನಡುವೆ ಅದೇ ಅಂತರವನ್ನು ಹಾರಲು ಹಲವು ಪಟ್ಟು ಹೆಚ್ಚಿನ ವೋಲ್ಟೇಜು ಬೇಕು. ಕಿಡಿ ದಪ್ಪಗೆ, ನೀಲಿಯಾಗಿ, ಸದ್ದಿನೊಡನೆ ಹಾರಬೇಕು. ಕೆಂಪಾಗಿ ಸಣಕಲಾಗಿ ಕಂಡರೆ ಪ್ಲಗ್ ಕ್ಯಾಪು, ವೈರಿನ ತುದಿ, ಕಾಯಿಲಿನ ಭೂಸಂಪರ್ಕ, ಕೊನೆಗೆ ಇಗ್ನಿಷನ್ನಿಗೆ ವಿದ್ಯುತ್ತು ಹುಟ್ಟಿಸುವ ಸ್ಟೇಟರ್ ಇವನ್ನು ಅದೇ ಕ್ರಮದಲ್ಲಿ ನೋಡಬೇಕು. ಕೆಸರುನೀರಿನಲ್ಲಿ ಓಡುವ ಗಾಡಿಗಳಲ್ಲಿ ತುಕ್ಕು ಹಿಡಿದ ಪ್ಲಗ್ ಕ್ಯಾಪೇ ಎಷ್ಟೋ ಸಲ ಅಪರಾಧಿ.

ಕೆಟ್ಟ ಪ್ಲಗ್ಗನ್ನು ತಂತಿಯ ಬ್ರಷ್ಷಿನಿಂದ ಉಜ್ಜುವುದು ನಮ್ಮಲ್ಲಿ ಹಳೆಯ ವಾಡಿಕೆ. ಆದರೆ ಬ್ರಷ್ಷಿನ ಲೋಹ ಪಿಂಗಾಣಿಯ ಮೇಲೆ ಸಣ್ಣ ಗೆರೆಗಳಾಗಿ ಉಳಿದು ಇಂಗಾಲದಂತೆಯೇ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ, ಮರಳು ಊದಿ ಸ್ವಚ್ಛಗೊಳಿಸಿದರೆ ಸಂದಿಯಲ್ಲಿ ಉಳಿದ ಹರಳು ಸಿಲಿಂಡರಿಗೆ ಬೀಳುತ್ತದೆ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಬೇಗ ಆರುವ ದ್ರಾವಕದಲ್ಲಿ ತೊಳೆದು ಒಣಗಿಸಿ ಮನೆ ಮುಟ್ಟಬಹುದು, ಅಷ್ಟೆ. ಇದಕ್ಕಿಂತ ಅಪಾಯಕಾರಿಯಾದದ್ದು ಮಸಿ ಕಟ್ಟದಿರಲೆಂದು ಒಂದೆರಡು ಅಂಕಿ ಬಿಸಿಯಾದ ಪ್ಲಗ್ಗನ್ನು ಹಾಕಿಬಿಡುವುದು. ಜೆಟ್ಟು, ಫಿಲ್ಟರು, ಇಗ್ನಿಷನ್ ಎಲ್ಲ ಸರಿಯಿದ್ದು, ಸವಾರಿ ನಿಜಕ್ಕೂ ನಿಧಾನದ್ದಾಗಿದ್ದರೆ ತಯಾರಕರು ಸೂಚಿಸಿದ ಮಿತಿಯೊಳಗೆ ಒಂದು ಅಂಕಿ ಬಿಸಿಯ ಪ್ಲಗ್ ನ್ಯಾಯವಾದ ಆಯ್ಕೆ. ದಟ್ಟ ಮಿಶ್ರಣವನ್ನು ಮುಚ್ಚಿಡಲೆಂದು ಹಾಕಿದ ಬಿಸಿ ಪ್ಲಗ್ ಮಾತ್ರ, ಒಂದು ದಿನ ಅದೇ ಗಾಡಿ ಉದ್ದನೆಯ ನೇರ ದಾರಿಯಲ್ಲಿ ಪೂರ್ತಿ ಥ್ರಾಟಲಿನಲ್ಲಿ ಓಡಿದಾಗ ಪಿಸ್ಟನ್ನನ್ನು ಕರಗಿಸುತ್ತದೆ.

ಫಿಲ್ಟರ್, ಜೆಟ್, ಆಯಿಲ್ ಪ್ರಮಾಣ, ಕಿಡಿ ಇವೆಲ್ಲ ನೆಟ್ಟಗಿದ್ದೂ ಪ್ಲಗ್ ಜಿಡ್ಡಾಗುತ್ತಲೇ ಇದ್ದರೆ ಕಾರಣ ಎಂಜಿನ್ನಿನ ಆಳದಲ್ಲಿರುತ್ತದೆ. ಕ್ರ್ಯಾಂಕಿನ ಎರಡು ತುದಿಗಳಲ್ಲಿ ರಬ್ಬರಿನ ಸೀಲುಗಳಿದ್ದು, ಗೇರ್‌ಬಾಕ್ಸ್ ಕಡೆಯ ಸೀಲು ಸವೆದಾಗ ಕ್ರ್ಯಾಂಕ್‌ಕೇಸಿನ ಸೆಳೆತಕ್ಕೆ ಗೇರ್ ಆಯಿಲ್ ಒಳಕ್ಕೆ ಎಳೆಯಲ್ಪಡುತ್ತದೆ. ಎಂಜಿನ್ ಕಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಪ್ಲಗ್ಗಿನಲ್ಲಿ ಪೆಟ್ರೋಲಿಗೆ ಬೆರೆಸುವ ಟೂ ಟಿ ಆಯಿಲಿನದಲ್ಲದ ಘಾಟು, ಸೋರಿಕೆಯಿಲ್ಲದೆಯೇ ಇಳಿಯುವ ಗೇರ್ ಆಯಿಲಿನ ಮಟ್ಟ, ಈ ಮೂರು ಒಟ್ಟಿಗೆ ಕಂಡರೆ ಸಂದೇಹಕ್ಕೆ ಎಡೆಯಿಲ್ಲ. ಇನ್ನೊಂದು ಬದಿಯ, ಅಂದರೆ ಸ್ಟೇಟರ್ ಕಡೆಯ ಸೀಲು ಹೋದರೆ ಒಳಬರುವುದು ಬರಿಯ ಗಾಳಿಯಾದ್ದರಿಂದ ಪ್ಲಗ್ ಕಪ್ಪಾಗುವ ಬದಲು ಬೆಳ್ಳಗಾಗುತ್ತದೆ, ಐಡ್ಲಿಂಗ್ ತಾನಾಗಿ ಏರುತ್ತದೆ. ಪ್ಲಗ್ ಸ್ವಚ್ಛವಾಗಿದೆಯೆಂದು ಸಮಾಧಾನಪಟ್ಟು ಓಡಿಸಿದರೆ ಪಿಸ್ಟನ್ ಸೀಜ್ ಆಗುವುದು ಇಂಥ ಸ್ಥಿತಿಯಲ್ಲೇ. ಸೀಲುಗಳನ್ನು ಖಚಿತವಾಗಿ ಪರೀಕ್ಷಿಸಲು ಕಾರ್ಬ್ಯುರೇಟರ್ ಮತ್ತು ಸೈಲೆನ್ಸರಿನ ದ್ವಾರಗಳನ್ನು ಮುಚ್ಚಿ, ಕೈಪಂಪಿನಿಂದ ಎಂಜಿನ್ನಿನೊಳಗೆ ಸುಮಾರು 6 ಪಿಎಸ್‌ಐ ಒತ್ತಡ ತುಂಬಿ, ಮಾಪಕದ ಮುಳ್ಳನ್ನು ಕೆಲವು ನಿಮಿಷ ಗಮನಿಸುತ್ತಾರೆ. ಮುಳ್ಳು ಇಳಿದರೆ ಹೊರಗಿನ ಜೋಡಣೆಗಳಿಗೆ, ಸ್ಟೇಟರ್ ಬದಿಯ ಸೀಲಿಗೆ ಸಾಬೂನು ನೀರು ಸವರಿದಾಗ ಸೋರುವ ಕಡೆ ಗುಳ್ಳೆ ಏಳುತ್ತದೆ. ಗೇರ್‌ಬಾಕ್ಸ್ ಬದಿಯ ಸೀಲು ಸೋರುತ್ತಿದ್ದರೆ ಗೇರ್‌ಬಾಕ್ಸಿನ ಉಸಿರುಕೊಳವೆಯ ತುದಿಯನ್ನು ನೀರಿನಲ್ಲಿ ಅದ್ದಿದಾಗ ಅಲ್ಲಿ ಗುಳ್ಳೆ ಕಾಣುತ್ತದೆ. ಸೀಲು ಬದಲಿಸಿದ ಮೇಲೆ ಹೊಸ ಪ್ಲಗ್ಗನ್ನು ಕೈಯಿಂದಲೇ ಪೂರ್ತಿ ತಿರುಗಿಸಿ ಕೂರಿಸಿ, ಅದರ ವಾಷರ್ ಒತ್ತಿಕೊಳ್ಳುವಂತೆ ಸ್ಪ್ಯಾನರಿನಿಂದ ಇನ್ನು ಅರ್ಧ ಸುತ್ತು ಬಿಗಿಗೊಳಿಸಿ, ಸೈಲೆನ್ಸರಿನಲ್ಲಿ ತಂಗಿರುವ ಹಳೆಯ ಆಯಿಲ್ ಉರಿದು ಮುಗಿಯುವವರೆಗೆ ಕೆಲಕಾಲ ಹೊಗೆ ಬರುತ್ತದೆಂಬುದನ್ನು ನೆನಪಿನಲ್ಲಿಟ್ಟು ಗಾಡಿ ಓಡಿಸಿ, ಎರಡನೆಯ ಸವಾರಿಯ ನಂತರ ಪ್ಲಗ್ಗನ್ನೂ ಗೇರ್ ಆಯಿಲಿನ ಮಟ್ಟವನ್ನೂ ಮತ್ತೆ ನೋಡಬೇಕು.